ರಕ್ಷಣಾ ಬಜೆಟ್ ಪಾಸ್ ಆಯ್ತು, ಸಾಲ ಮಾಡಿ ಮಷೀನ್ ಹಾಕಲಾ?

2025-26ಕ್ಕೆ ರಕ್ಷಣೆಗೆ 6.81 ಲಕ್ಷ ಕೋಟಿ ಪಾಸ್ ಆಗಿದೆ, ಸಿಎನ್‌ಸಿ ಮಷೀನ್ (ಕಂಪ್ಯೂಟರ್ ಹೇಳಿದಂತೆ ಲೋಹದ ಭಾಗ ಕೊರೆಯುವಂಥದ್ದು) ಹಾಕಿದರೆ ರಕ್ಷಣಾ ಆರ್ಡರ್ ಸಿಗುತ್ತಾ ಅಂತ ಕೇಳಿದ್ದೀರಿ. ಪೀಣ್ಯದಲ್ಲಿ ನನ್ನದೂ ಒಂದು ಸಣ್ಣ ಮಷೀನ್ ಶಾಪ್ ಇದೆ. 2024ರ ಫೆಬ್ರವರಿಯಲ್ಲಿ ಟಿವಿಯವರು 6.21 ಲಕ್ಷ ಕೋಟಿ ಅಂತ ಕೂಗಿದ್ದೇ ತಡ, ನಾನೂ ಮಷೀನಿಗೆ ಅಡ್ವಾನ್ಸ್ ಕೊಟ್ಟುಬಿಟ್ಟೆ.

ಅದು ಚುನಾವಣೆ ವರ್ಷದ ಮಧ್ಯಂತರ ಬಜೆಟ್. ಲೋಕಸಭೆ ಆಗ ಕೊಟ್ಟದ್ದು ಲೇಖಾನುದಾನ, ಅಂದ್ರೆ ಕೆಲವು ತಿಂಗಳ ಖರ್ಚಿಗಷ್ಟೇ ಒಪ್ಪಿಗೆ. ಪೂರ್ಣ ಬಜೆಟ್ ಬಂದದ್ದು ಜುಲೈ 23ಕ್ಕೆ. ನನ್ನ ಇಎಂಐ ಅದಕ್ಕೆಲ್ಲ ಕಾಯಲಿಲ್ಲ.

ಆದರೆ ನನ್ನನ್ನು ಮುಳುಗಿಸಿದ್ದು ತಡ ಆಗಿದ್ದಲ್ಲ, ಒಟ್ಟು ಮೊತ್ತ ನೋಡಿ ಮರುಳಾಗಿದ್ದು. ಸಂಸತ್ತು ರಕ್ಷಣೆಗೆ ಒಂದೇ ಗಂಟು ಕೊಡುವುದಿಲ್ಲ. ನಾಲ್ಕು ಅನುದಾನ ಬೇಡಿಕೆಗಳಿರುತ್ತವೆ, ಅಂದ್ರೆ ಇಂಥ ಖರ್ಚಿಗೆ ಇಷ್ಟು ಕೊಡಿ ಅಂತ ಸರ್ಕಾರ ಲೋಕಸಭೆಯನ್ನು ಕೇಳುವುದು. ಸಚಿವಾಲಯದ ಸಿವಿಲ್ ಖರ್ಚಿಗೆ ಒಂದು. ಸೇನೆಗಳ ಸಂಬಳ, ಇಂಧನ, ರಿಪೇರಿಗೆ ಒಂದು. ವಿಮಾನ, ಹಡಗು, ಟ್ಯಾಂಕಿನಂಥ ಬಂಡವಾಳ ವೆಚ್ಚಕ್ಕೆ ಒಂದು. ಪಿಂಚಣಿಗೆ ಇನ್ನೊಂದು. ಒಂದರ ದುಡ್ಡನ್ನು ಸರ್ಕಾರ ತನ್ನಿಷ್ಟಕ್ಕೆ ಇನ್ನೊಂದಕ್ಕೆ ತಿರುಗಿಸುವಂತಿಲ್ಲ. ಆ ವರ್ಷ ಪಿಂಚಣಿಗೇ 1.41 ಲಕ್ಷ ಕೋಟಿ. ಬಂಡವಾಳಕ್ಕೆ ಇದ್ದದ್ದು 1.72. ಅದರಲ್ಲೂ ದೊಡ್ಡ ಪಾಲು ಹಿಂದೆಂದೋ ಸಹಿಯಾದ ಒಪ್ಪಂದಗಳ ಕಂತಿಗೆ ಹೋಗುತ್ತದೆ. ಹೊಸ ಆರ್ಡರಿಗೆ ಉಳಿಯುವುದೆಷ್ಟು, ಅದು ನನ್ನಂಥವನ ತನಕ ಇಳಿಯುವುದೆಷ್ಟು ಅಂತ ನಾನು ಯೋಚಿಸಲೇ ಇಲ್ಲ. ಮಷೀನ್ ಈಗ ಟ್ರ್ಯಾಕ್ಟರ್ ಭಾಗಗಳ ಜಾಬ್ ವರ್ಕ್ ಮಾಡಿಕೊಂಡಿದೆ, ಬಡ್ಡಿ ಹೇಗೋ ಹುಟ್ಟುತ್ತಿದೆ.

‘ಪಾಸ್ ಆಯ್ತು’ ಅನ್ನುವುದರಿಂದ ನೀವು ಶುರು ಮಾಡಿದ್ದೇ ಸರಿಯಿಲ್ಲ. ಬೇಡಿಕೆಗಳಿಗೆ ಮತ ಹಾಕುವುದು ಲೋಕಸಭೆ ಮಾತ್ರ. ಅದು ಮೊತ್ತ ಇಳಿಸಬಹುದು, ಏರಿಸುವಂತಿಲ್ಲ. ಎಷ್ಟೋ ವರ್ಷ ರಕ್ಷಣೆಯ ಬೇಡಿಕೆಗಳು ಚರ್ಚೆಯೇ ಇಲ್ಲದೆ ಗಿಲೋಟಿನ್‌ನಲ್ಲಿ, ಅಂದ್ರೆ ಸಮಯ ಮುಗಿದಾಗ ಬಾಕಿಯನ್ನೆಲ್ಲ ಒಟ್ಟಿಗೆ ಮತಕ್ಕೆ ಹಾಕುವಾಗ, ಉಳಿದವುಗಳ ಜೊತೆ ಒಟ್ಟಿಗೆ ಪಾಸ್ ಆಗಿವೆ. (ಇಷ್ಟು ದುಡ್ಡಿಗೆ ಇಷ್ಟೇ ಮಾತಾ ಅನ್ನಿಸುತ್ತೆ, ಅಲ್ವಾ?) ಆಮೇಲೆ ಧನವಿನಿಯೋಗ ಕಾಯ್ದೆ ಬರುತ್ತದೆ. ಸಂಚಿತ ನಿಧಿಯಿಂದ, ಅಂದ್ರೆ ಸರ್ಕಾರದ ಮುಖ್ಯ ಖಜಾನೆಯಿಂದ, ಇಷ್ಟರ ತನಕ ತೆಗೆಯಬಹುದು ಅಂತ ಅದು ಅನುಮತಿ ಕೊಡುತ್ತದೆ. ತೆಗೆಯಲೇಬೇಕು ಅಂತಿಲ್ಲ. ಮಾರ್ಚ್ 31ಕ್ಕೆ ಖರ್ಚಾಗದೆ ಉಳಿದದ್ದು ವಾಪಸ್.

6.81ರಲ್ಲಿ ಬಂಡವಾಳಕ್ಕೆ ಇರುವುದು 1.80 ಲಕ್ಷ ಕೋಟಿ. ಅದನ್ನು ನೋಡಿಯೂ ಸಾಲ ಮಾಡಬೇಡಿ. ನಿಮಗೆ ಕೆಲಸ ಕೊಡುವ ಕಂಪನಿಯ ಪಿಒ (ಖರೀದಿ ಆದೇಶ) ಕೈಗೆ ಬರಲಿ, ಆಮೇಲೆ ಬ್ಯಾಂಕಿಗೆ ಹೋಗಿ. ಓದುವ ಆಸಕ್ತಿ ಇದ್ದರೆ ಬಜೆಟ್ ಭಾಷಣ ಬಿಟ್ಟು ಸಂಸತ್ತಿನ ರಕ್ಷಣಾ ಸ್ಥಾಯಿ ಸಮಿತಿಯ ವರದಿ ಓದಿ. ಸೇನೆಗಳು ಕೇಳಿದ್ದೆಷ್ಟು, ಸಿಕ್ಕಿದ್ದೆಷ್ಟು, ಖರ್ಚಾಗಿದ್ದೆಷ್ಟು ಅಂತ ಅದರಲ್ಲಿ ಬರುತ್ತದೆ.