ರಾತ್ರಿ ನಿದ್ದೆ ಬರುತ್ತದೆ ಎಂದು ಬಂದ ವೇಷಧಾರಿ

ನಿದ್ದೆ ಬರುವುದಿಲ್ಲ ಎಂದು ಆಪ್ತಸಲಹೆಗೆ ಬರುವವರೇ ನನ್ನಲ್ಲಿಗೆ ಹೆಚ್ಚು. ಇವರು ಮಾತ್ರ, "ರಾತ್ರಿ ಒಳ್ಳೆ ನಿದ್ದೆ ಬರ್ತದೆ ಮೇಡಂ, ಅದೇ ತೊಂದರೆ" ಎಂದರು. ಅಷ್ಟು ಹೇಳಲು ಅವರಿಗೆ ಮೂರು ಭೇಟಿ ಬೇಕಾಯಿತು. (ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.)

ಯಕ್ಷಗಾನದ ತೆಂಕುತಿಟ್ಟಿನ (ಕರಾವಳಿಯ ತೆಂಕಣ ಶೈಲಿಯ) ಬಣ್ಣದ ವೇಷಧಾರಿ, ಅಂದರೆ ಮುಖಕ್ಕೆ ದಟ್ಟ ಬಣ್ಣ ಬರೆದು ರಾಕ್ಷಸ ಪಾತ್ರ ಮಾಡುವವರು. ಐವತ್ತರ ಆಸುಪಾಸು. ಮನೆಯಲ್ಲಿ ಸಕ್ಕರೆ ಕಾಯಿಲೆಯ ತಾಯಿ, ಬೀಡಿ ಕಟ್ಟುವ ಹೆಂಡತಿ, ಕಾಲೇಜಿನ ಮಗಳು. 2020ರ ನವೆಂಬರ್‌ನಲ್ಲಿ, ಕೊರೊನಾದಿಂದ ನಿಂತಿದ್ದ ಮೇಳ (ಯಕ್ಷಗಾನ ತಂಡ) ಮತ್ತೆ ಹೊರಡುತ್ತದೆ ಎಂಬ ಫೋನ್ ಬಂದ ದಿನದಿಂದ ಎದೆ ಡವಡವ, ಕೈ ಬೆವರುವುದು. ಇಸಿಜಿ ಸರಿಯಾಗಿತ್ತು. ವೈದ್ಯರು ನನ್ನ ಹತ್ತಿರ ಕಳಿಸಿದರು.

ಮೊದಲ ಭೇಟಿಯಲ್ಲಿ ನಾನು ಸೋಂಕಿನ ಭಯ ಎಂದೇ ತಿಳಿದೆ. ತಿಳಿಯಲು ಕಾರಣವೂ ಇತ್ತು. ವೇಷ ಕಟ್ಟುವ ಚೌಕಿಯಲ್ಲಿ ಭುಜಕ್ಕೆ ಭುಜ ತಾಗಿ ಕೂರಬೇಕು. ಅಕ್ಕಿಹಿಟ್ಟಿನ ಚುಟ್ಟಿ ಇಟ್ಟ ಮುಖಕ್ಕೆ ಮಾಸ್ಕ್ ಹಾಕುವುದು ಹೇಗೆ? "ರಾಳದ ಹೊಗೆಗೆ ಒಮ್ಮೆ ಕೆಮ್ಮಿದರೂ ಈಗ ಎಲ್ಲರೂ ತಿರುಗಿ ನೋಡ್ತಾರೆ" ಎಂದು ನಕ್ಕರು. ನಾನು ಸ್ಯಾನಿಟೈಸರ್, ಅಂತರ ಎಂದು ಮುಕ್ಕಾಲು ಗಂಟೆ ಕಳೆದೆ. ಅವರಿಗೆ ಗೊತ್ತಿರದ ಒಂದು ಮಾತೂ ಅದರಲ್ಲಿ ಇರಲಿಲ್ಲ.

ಎರಡನೇ ಸಲ ಬರುವಾಗ ಪ್ಲಾಸ್ಟಿಕ್ ಚೀಲದಲ್ಲಿ ಗೆಜ್ಜೆ ತಂದಿದ್ದರು. ಮಳೆಗಾಲದಲ್ಲಿ ಪಟ್ಟಿಗೆ ಬೂಸ್ಟು ಹಿಡಿದು, ಗುಂಡುಗಳ ನಡುವೆ ಬಿಳಿ ಹುಡಿ ಕೂತಿತ್ತು. ಪ್ರತಿವರ್ಷ ಮೇ ಕೊನೆಗೆ, ಮೇಳಗಳ ತಿರುಗಾಟ ಮುಗಿಯುವ ಪತ್ತನಾಜೆಯಂದು, ದೇವರೆದುರು ಸೇವೆ ಮುಗಿಸಿ ಗೆಜ್ಜೆ ಬಿಚ್ಚುವುದು ಕ್ರಮ. 2020ರಲ್ಲಿ ಮಾರ್ಚ್ 22ರ ಜನತಾ ಕರ್ಫ್ಯೂ, ಅದರ ಬೆನ್ನಿಗೇ ಲಾಕ್‌ಡೌನ್. ತಿರುಗಾಟ ಎರಡು ತಿಂಗಳು ಮೊದಲೇ ನಿಂತಿತು. ಮಳೆಗಾಲದಲ್ಲಿ ಮನೆಮನೆಗೆ ಹೋಗಿ ಆಡುವ ಚಿಕ್ಕಮೇಳವೂ ಅವರಿಗೆ ತಪ್ಪಿತು. ಗೆಜ್ಜೆ ಬಿಚ್ಚಿದ ಲೆಕ್ಕವೇ ಇಲ್ಲದೆ ಅವರು ಪಕ್ಕದ ತೋಟದಲ್ಲಿ ಅಡಿಕೆ ಸುಲಿಯಲು ಹೋದರು.

ಮೂರನೇ ಭೇಟಿಯಲ್ಲಿ ಆ ಮಾತು ಬಂತು. ರಾತ್ರಿಯಿಡೀ ನಡೆಯುವ ಆಟದಲ್ಲಿ ಬಣ್ಣದ ವೇಷ ರಂಗಕ್ಕೆ ಬರುವುದು ಹೆಚ್ಚಾಗಿ ನಡುರಾತ್ರಿ ಕಳೆದ ಮೇಲೆ. ಇಪ್ಪತ್ತೈದು ವರ್ಷ ಆ ಹೊತ್ತಿಗೆ ಎದ್ದು ಕುಳಿತ ಮೈ, ಎಂಟು ತಿಂಗಳಲ್ಲಿ ಹತ್ತು ಗಂಟೆಗೆ ಮಲಗಲು ಕಲಿತಿತ್ತು. ಹೆಂಡತಿಯ ಜತೆ ಕೂತು ರಾತ್ರಿಯ ಗಂಜಿ, ಮಗಳ ಜತೆ ಹರಟೆ. "ನನಗೆ ಖುಷಿ ಆಯ್ತು ಮೇಡಂ. ಜನ ಸಾಯ್ತಾ ಇದ್ದರು, ನನಗೆ ಖುಷಿ. ಈಗ ಮೇಳಕ್ಕೆ ಹೋಗಲು ಮನಸ್ಸಿಲ್ಲ. ಹೋಗದಿದ್ದರೆ ನಾನು ಯಾರು?"

ಆಮೇಲೆ ಅವರು ಅತ್ತರು. ನಾನು ನೀರು ಕೊಟ್ಟು ಸುಮ್ಮನಿದ್ದೆ. ಹತ್ತು ನಿಮಿಷ ಬಿಟ್ಟು ಹೇಳಿದ್ದು ಇಷ್ಟು: "ಮನೆ ಊಟ ರುಚಿಸಿತು ಅಂದ ಮಾತ್ರಕ್ಕೆ ನೀವು ಕಲೆಗೆ ದ್ರೋಹ ಮಾಡಿದ ಹಾಗೆ ಆಗುವುದಿಲ್ಲ. ಬಿಡಬೇಕು ಅಂತ ಕಂಡರೆ ಬಿಡಬಹುದು. ಆದರೆ ಎದೆ ಹೊಡೆದುಕೊಳ್ಳುವ ದಿನ ಆ ತೀರ್ಮಾನ ಬೇಡ."

ಪತ್ತನಾಜೆಯವರೆಗೆ ಎಂದುಕೊಂಡರೆ ಬೆಟ್ಟ ಕಾಣುತ್ತದೆ. ಸಂಕ್ರಾಂತಿವರೆಗೆ ಹೋಗಿ ನೋಡುವುದು, ಆಮೇಲೆ ಕುಳಿತು ಮಾತಾಡುವುದು ಎಂದು ಒಪ್ಪಂದವಾಯಿತು. ಮೊದಲ ಎರಡು ವಾರ ಚಿಕ್ಕ ವೇಷ ಕೊಡಿ ಎಂದು ಮ್ಯಾನೇಜರರನ್ನು ಕೇಳಬೇಕು. ಕೇಳಲು ನಾಚಿಕೆ ಎಂದರು. ಎದುರಿನ ಖಾಲಿ ಕುರ್ಚಿಯನ್ನೇ ಮ್ಯಾನೇಜರ್ ಮಾಡಿ ನಾಲ್ಕು ಸಲ ಹೇಳಿಸಿದೆ. ನಾಲ್ಕನೆಯದು, ವೇಷವಿಲ್ಲದೆ ಕೂತು ಮಾತಿನಲ್ಲೇ ನಡೆಸುವ ತಾಳಮದ್ದಳೆಯ ಅರ್ಥದಂತೆ ಗಂಭೀರವಾಗಿ ಬಂತು, ಇಬ್ಬರಿಗೂ ನಗು.

ದಿನಾ ಸಂಜೆ ಹದಿನೈದು ನಿಮಿಷ ಅಂಗಳದಲ್ಲಿ ಗೆಜ್ಜೆ ಕಟ್ಟಿ ಹೆಜ್ಜೆ, ತಾಯಿಗೆ ಕಾಣುವ ಹಾಗೆ. ಧೀಂಗಿಣ (ಗಿರಕಿ ಹೊಡೆದು ಹಾರುವುದು) ಈಗಲೇ ಬೇಡ, ಮೊಣಕಾಲು ಒಪ್ಪಲಿ. ಚೌಕಿಯಲ್ಲಿ ಸ್ವಂತ ಕನ್ನಡಿ, ಸ್ವಂತ ಬಟ್ಟೆ, ಗಾಳಿಯಾಡುವ ಬದಿಯ ಜಾಗ. ಎಣ್ಣೆ ಹಚ್ಚಿ ಬಣ್ಣ ತೆಗೆದು, ಮನೆಗೆ ಬಂದ ಕೂಡಲೇ ಸ್ನಾನ, ಆಮೇಲೆ ಚಾವಡಿಯಲ್ಲೇ ಮಲಗುವುದು. ತಾಯಿಯ ಕೋಣೆ ಸದ್ಯಕ್ಕೆ ಬೇಡ. ಬೆಳಿಗ್ಗೆಯ ನಿದ್ದೆ ದಿನಾ ಒಂದೇ ಹೊತ್ತಿಗೆ, ಕಿಟಕಿಗೆ ಕಪ್ಪು ಬಟ್ಟೆ, ವೇಷ ಕಳಚಿದ ಮೇಲೆ ಚಹಾ ಇಲ್ಲ. ಒಂದು ವಿಷಯದಲ್ಲಿ ಮಾತ್ರ ನಾನು ಪಟ್ಟು ಹಿಡಿದೆ: ಆಟ ಮುಗಿದ ಕೂಡಲೇ ಬೈಕ್ ಹತ್ತಬಾರದು. ರಾತ್ರಿಯಿಡೀ ನಿದ್ದೆಗೆಟ್ಟು ಬೆಳಿಗ್ಗೆ ಬೈಕಿನಲ್ಲಿ ಮನೆಗೆ ಹೊರಟ ಕಲಾವಿದರ ಅಪಘಾತದ ಸುದ್ದಿ ಕರಾವಳಿಯಲ್ಲಿ ಯಾರಿಗೆ ಹೊಸದು? ಮೇಳದ ವಾಹನ ಇದ್ದರೆ ಅದು, ಇಲ್ಲದಿದ್ದರೆ ಚೌಕಿಯಲ್ಲೇ ಒಂದು ಗಂಟೆ ಕಣ್ಣು ಮುಚ್ಚಿ ಹೊರಡುವುದು.

ಸಂಕ್ರಾಂತಿ ಕಳೆದು ಬಂದರು. ಡವಡವ ವಾರಕ್ಕೊಂದು ಸಲಕ್ಕೆ ಇಳಿದಿತ್ತು. ಮುಂದುವರಿಯುತ್ತೇನೆ ಎಂದರು. ಆದರೆ ಸೋಮವಾರ ರಜೆ ಕೇಳಿ ಪಡೆದಿದ್ದರು, ಮನೆಯ ಗಂಜಿಗೆ. ಆ ಉಪಾಯ ನನ್ನದಲ್ಲ, ಅವರ ಹೆಂಡತಿಯದು. ನನಗೇಕೆ ಹೊಳೆಯಲಿಲ್ಲ ಎಂದು ಈಗಲೂ ಅನ್ನಿಸುತ್ತದೆ. ಮಾರ್ಚ್‌ನಲ್ಲಿ ತಾಯಿಗೆ ಮೊದಲ ಲಸಿಕೆ ಆಯಿತು.

2021ರ ಏಪ್ರಿಲ್ 10ರಿಂದ ಮಂಗಳೂರು, ಉಡುಪಿಗಳಲ್ಲಿ ರಾತ್ರಿ ಕರ್ಫ್ಯೂ, 27ರಿಂದ ರಾಜ್ಯವೇ ಬಂದ್. ಮೇ ತಿಂಗಳಲ್ಲಿ ಸರಕಾರ ಕಲಾವಿದರಿಗೆ 3,000 ರೂಪಾಯಿ ಘೋಷಿಸಿದ ವಾರ ಅವರ ಫೋನ್. ಅರ್ಜಿಯ ವಿಚಾರ ಇರಬಹುದೆಂದುಕೊಂಡೆ.

"ಈ ಸಲ ಗೆಜ್ಜೆ ದೇವರೆದುರು ಇಟ್ಟು ಕೈಮುಗಿದೇ ಬಿಚ್ಚಿದೆ ಮೇಡಂ. ಒಣಗಿಸಿ ಡಬ್ಬದಲ್ಲಿ ಇಟ್ಟಿದ್ದೇನೆ. ಆದರೆ ರಾತ್ರಿ ಮೂರು ಗಂಟೆಗೆ ಎಚ್ಚರ ಆಗ್ತದೆ, ಎದ್ದು ಕೂತರೆ ಮನೆಯವರಿಗೆ ಹೆದರಿಕೆ. ಇದಕ್ಕೆಂತ ಮಾಡುದು?"

ಮಂಗಳವಾರ ಸಂಜೆ ನಾಲ್ಕಕ್ಕೆ ಫೋನಿನಲ್ಲೇ ಮಾತಾಡೋಣ ಎಂದೆ.