ನುಗ್ಗೆ ಸಸಿ ಬೇಡ, ಬೀಜ ಹಂಚಿ

ಹಿರಿಯೂರು ತಾಲ್ಲೂಕಿನ ಓದುಗರೊಬ್ಬರ ಪತ್ರ: “ನಮ್ಮ ಮಹಿಳಾ ಸಂಘದಿಂದ ಎರಡು ವರ್ಷದ ಹಿಂದೆ 200 ಮನೆಗಳಿಗೆ ಎರಡೆರಡು ನುಗ್ಗೆ ಸಸಿ ಕೊಟ್ಟೆವು. ಉಳಿದಿರುವುದು 60. ಅವೂ ಮನೆಗಿಂತ ಎತ್ತರ ಬೆಳೆದು ಸೊಪ್ಪು ಕೈಗೆ ಸಿಗುತ್ತಿಲ್ಲ. ಕಾಯಿ ಸಂತೆಗೆ ಹೋಗುತ್ತದೆ, ಮಕ್ಕಳ ತಟ್ಟೆಗೆ ಏನೂ ಬರುತ್ತಿಲ್ಲ. ಈ ಸಲ 1000 ಸಸಿ ತರಿಸಬೇಕೆಂದಿದ್ದೇವೆ. ಪುಡಿ ಮಾಡುವ ಯಂತ್ರವನ್ನೂ ಕೊಳ್ಳಬಹುದೆ?”

ಸಂಪಾದಕರ ಉತ್ತರ:

ಸಸಿ ತರಿಸಬೇಡಿ. ನುಗ್ಗೆಯ ತಾಯಿಬೇರು ಬೇಗ ಆಳಕ್ಕೆ ಇಳಿಯುವಂಥದ್ದು. ಸಣ್ಣ ಪ್ಲಾಸ್ಟಿಕ್ ಚೀಲದಲ್ಲಿ ಎರಡು ತಿಂಗಳು ಕೂತರೆ ತಳದಲ್ಲಿ ಸುರುಳಿ ಸುತ್ತಿಕೊಳ್ಳುತ್ತದೆ. ಅಂಥ ಸಸಿ ಮಳೆ ಇರುವಷ್ಟು ದಿನ ಹಸಿರಾಗಿದ್ದು, ಬೇಸಿಗೆಯಲ್ಲಿ ಒಣಗುತ್ತದೆ. ಕೊಂಬೆ ನೆಟ್ಟರೂ ಇದೇ ಕಷ್ಟ: ತಾಯಿಬೇರೇ ಇರುವುದಿಲ್ಲ, ಗಾಳಿಗೆ ಉರುಳುತ್ತದೆ. ನಿಮ್ಮ ಸೀಮೆಯಂಥ ಒಣನೆಲದಲ್ಲಿ ಬೀಜವನ್ನು ಗುಂಡಿಗೇ ಹಾಕುವುದು ಸರಿ.

ಮನೆಗೆ 3 ಗುಂಡಿ, ಗುಂಡಿಗೆ 2 ಬೀಜ ಎಂದರೂ 200 ಮನೆಗೆ 1200 ಬೀಜ ಸಾಕು. ತೂಕದಲ್ಲಿ ಅರ್ಧ ಕಿಲೋದೊಳಗೆ. ಬಾಗಲಕೋಟೆ ತೋಟಗಾರಿಕೆ ವಿಶ್ವವಿದ್ಯಾಲಯದ ‘ಭಾಗ್ಯ’ ಅಥವಾ ತಮಿಳುನಾಡಿನ ಪೆರಿಯಕುಳಂನ ‘ಪಿಕೆಎಂ–1’ ತಳಿ ಕೇಳಿ. ಆ ವರ್ಷದ ಬೀಜವೇ ಆಗಿರಲಿ. ಹಳತಾದಂತೆ ಮೊಳಕೆ ಕಡಿಮೆಯಾಗುತ್ತದೆ.

ಒಂದೂವರೆ ಅಡಿ ಉದ್ದ, ಅಗಲ, ಆಳದ ಗುಂಡಿ ತೆಗೆದು, ಮೇಲ್ಮಣ್ಣಿಗೆ ಎರಡು ಬುಟ್ಟಿ ಕೊಟ್ಟಿಗೆ ಗೊಬ್ಬರ ಬೆರೆಸಿ ತುಂಬಿ. ಗೊಬ್ಬರ ಪೂರ್ತಿ ಕಳಿತಿರಬೇಕು, ಹಸಿಯಿದ್ದರೆ ಗೆದ್ದಲು ಬರುತ್ತದೆ. ಬೀಜವನ್ನು ರಾತ್ರಿಯಿಡೀ ನೆನೆಸಿ, ಒಂದು ಅಂಗುಲ ಆಳಕ್ಕೆ ಊರಿ. ಅದಕ್ಕಿಂತ ಕೆಳಗೆ ಹೋದರೆ ಮಣ್ಣಲ್ಲೇ ಕೊಳೆಯಬಹುದು. ಎಂಟರಿಂದ ಹದಿನೈದು ದಿನದಲ್ಲಿ ಮೊಳೆಯುತ್ತದೆ. ಗೇಣುದ್ದ ಬಂದಾಗ ಬಲವಾದ ಒಂದನ್ನು ಬಿಟ್ಟು ಇನ್ನೊಂದನ್ನು ಬುಡದಲ್ಲಿ ಕತ್ತರಿಸಿ. ಕೀಳಬೇಡಿ, ಪಕ್ಕದ ಬೇರು ಅಲುಗುತ್ತದೆ. ಎರೆಭೂಮಿಯಾದರೆ ಗುಂಡಿಯ ಮೇಲೆ ಒಂದಡಿ ದಿಬ್ಬ ಮಾಡಿ ಅದರ ಮೇಲೆ ಬಿತ್ತಿ. ನುಗ್ಗೆ ಬರ ತಡೆಯುತ್ತದೆ, ನಿಂತ ನೀರನ್ನು ತಡೆಯುವುದಿಲ್ಲ. ಬಚ್ಚಲ ನೀರಿಗೂ ಇದೇ ಮಾತು: ಹರಿದು ಹೋಗುವ ಕಾಲುವೆಯ ಅಂಚು ಆಗಬಹುದು, ನೀರು ನಿಲ್ಲುವ ಗುಂಡಿ ಆಗದು.

ಸತ್ತ ಸಸಿಗಳಲ್ಲಿ ಎಷ್ಟನ್ನು ಮೇಕೆ ಮೇಯ್ದವು ಎಂದು ಸಂಘದಲ್ಲಿ ಕೇಳಿ ನೋಡಿ. ಸುಗ್ಗಿ ಮುಗಿದ ಮೇಲೆ ದನ, ಕುರಿ ಬಿಟ್ಟಾಗಲೇ ಹೆಚ್ಚು ನಷ್ಟ. ಎದೆಮಟ್ಟ ಬರುವವರೆಗೆ ಜಾಲಿಮುಳ್ಳಿನ ಬೇಲಿ ಇರಲೇಬೇಕು. ಬೇಲಿ ಕಟ್ಟಿದ ಮನೆಗೆ ಮಾತ್ರ ಬೀಜ ಕೊಡಿ ಎಂಬುದು ನಮ್ಮ ಸಲಹೆ. ಜಾಗವನ್ನು ಅಡುಗೆ ಮಾಡುವವರೇ ಆರಿಸಲಿ: ಒಲೆಯ ಮೇಲೆ ಎಸರಿಟ್ಟು ಹೋಗಿ ಸೊಪ್ಪು ತರುವಷ್ಟು ಹತ್ತಿರ. ಮನೆ ಮುಂದೆ ನುಗ್ಗೆ ಆಗದು ಎಂದು ಹಿರಿಯರು ಅಡ್ಡ ಬಂದರೆ ವಾದ ಬೇಡ, ಹಿತ್ತಲಲ್ಲಿ ಹಾಕಿ. ಕೊಂಬೆ ಪುಸಕ್ಕನೆ ಮುರಿಯುವ ಮರ, ಮಳೆಗಾಲದಲ್ಲಿ ಕಂಬಳಿಹುಳವೂ ಬರುತ್ತದೆ. ಬಾಗಿಲಿಂದ ದೂರ ಇರುವುದು ಒಳ್ಳೆಯದೇ. ಹುಳ ಹಗಲಲ್ಲಿ ಕಾಂಡದ ಮೇಲೆ ಗುಂಪಾಗಿರುತ್ತದೆ, ಬಟ್ಟೆಯ ಪಂಜಿನಿಂದ ಸುಡಿ. ಕೂದಲು ತಾಗಿದರೆ ತುರಿಕೆ ಏಳುತ್ತದೆ, ಮೈತುಂಬ ಬಟ್ಟೆ ಇರಲಿ. ತಿನ್ನುವ ಸೊಪ್ಪಿಗೆ ವಿಷ ಹೊಡೆಯಬೇಡಿ.

ಇನ್ನು ಎತ್ತರದ ವಿಷಯ. ಇದನ್ನು ಮರ ಎಂದು ಬೆಳೆಸಿದ್ದರಿಂದಲೇ ನಿಮ್ಮೂರಲ್ಲಿ ಸೊಪ್ಪು ಆಕಾಶಕ್ಕೆ ಹೋಯಿತು. ಗಿಡ ಎರಡೂವರೆ ಅಡಿ ಬಂದ ಕೂಡಲೇ ಕುಡಿ ಚಿವುಟಿ. ಪಕ್ಕದ ಟಿಸಿಲುಗಳು ಒಂದಡಿಯಾದಾಗ ಅವುಗಳ ತುದಿಯನ್ನೂ ಚಿವುಟಿ. ಪೊದೆಯಂತೆ ಹರಡುತ್ತದೆ, ಮಗುವಿನ ಕೈಗೂ ಸಿಗುತ್ತದೆ. ವರ್ಷಕ್ಕೊಮ್ಮೆ, ಕಾಯಿ ಮುಗಿದ ಮೇಲೆ, ನೆಲದಿಂದ 3 ಅಡಿಗೆ ಹರಿತವಾದ ಮಚ್ಚಿನಿಂದ ಓರೆಯಾಗಿ ಕಡಿಯಿರಿ. ಕಡಿದರೆ ಸಾಯುತ್ತದೆ ಎಂಬ ಅಂಜಿಕೆ ಬಹಳ ಮನೆಗಳಲ್ಲಿದೆ. ಮೊದಲು ಒಂದೇ ಗಿಡ ಕಡಿದು ತೋರಿಸಿ, ಕೆಲವೇ ವಾರಗಳಲ್ಲಿ ಚಿಗುರುತ್ತದೆ. ಜಡಿಮಳೆಯಲ್ಲಿ ಮಾತ್ರ ಕಡಿಯಬೇಡಿ, ಗಾಯ ಕೊಳೆಯುತ್ತದೆ.

ಯಂತ್ರ ಸದ್ಯಕ್ಕೆ ಬೇಡ. ಒಂದು ಕಿಲೋ ಪುಡಿಗೆ ಎಂಟು–ಹತ್ತು ಕಿಲೋ ಹಸಿ ಸೊಪ್ಪು ಬೇಕು. ಒಣಗಿಸುವಾಗ ಸಿ ಜೀವಸತ್ವ ಬಹುಪಾಲು ಹೋಗುತ್ತದೆ, ಪಸೆ ಉಳಿದರೆ ಬೂಸ್ಟು ಹಿಡಿಯುತ್ತದೆ. ‘ಪಾಲಕಿನ 25 ಪಟ್ಟು ಕಬ್ಬಿಣ’ ಎಂಬ ಪ್ರಚಾರವನ್ನು ಸಂಘದಲ್ಲಿ ಹೇಳಬೇಡಿ. ಅದು ಒಣಪುಡಿಯನ್ನು ಹಸಿ ಪಾಲಕಿನೊಂದಿಗೆ ತೂಗಿದ ಲೆಕ್ಕ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಪಟ್ಟಿಯಂತೆ 100 ಗ್ರಾಂ ಹಸಿ ನುಗ್ಗೆಸೊಪ್ಪಿನಲ್ಲಿ ಸುಮಾರು 6 ಗ್ರಾಂ ಪ್ರೋಟೀನ್, 300 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ, ನಾಲ್ಕೂವರೆ ಮಿಲಿಗ್ರಾಂ ಕಬ್ಬಿಣ ಇದೆ. ಮನೆಯಂಗಳದ ಸೊಪ್ಪಿಗೆ ಇಷ್ಟು ಸಾಲದೆ? ಕಬ್ಬಿಣ ಮೈಗೆ ಹತ್ತಲು ಮೇಲೆ ನಿಂಬೆರಸ ಹಿಂಡಿ. ಊಟದ ಜೊತೆ ಟೀ ಬೇಡ.

ಮಕ್ಕಳು ಪಕ್ಕಕ್ಕೆ ಸರಿಸುವುದು ಬಹುತೇಕ ಕಡ್ಡಿಗಾಗಿ. ಸಂಜೆ ಕಿತ್ತ ಸೊಪ್ಪನ್ನು ಬಟ್ಟೆಯಲ್ಲಿ ಸುತ್ತಿಟ್ಟರೆ ಬೆಳಿಗ್ಗೆ ಕೊಡವಿದಾಗ ಎಲೆಗಳು ತಾವೇ ಉದುರುತ್ತವೆ. ರಾಗಿರೊಟ್ಟಿ ಹಿಟ್ಟಿಗೆ ಒಂದು ಹಿಡಿ ಬೆರೆಸಿ, ಇಲ್ಲವೇ ತೊಗರಿಬೇಳೆಯೊಂದಿಗೆ ಬಸ್ಸಾರು ಮಾಡಿ. ಬೇರು, ತೊಗಟೆಯನ್ನು ಔಷಧಿಯೆಂದು ಯಾರಿಗೂ, ಅದರಲ್ಲೂ ಗರ್ಭಿಣಿಯರಿಗೆ, ಕೊಡಬೇಡಿ.

ಉಳಿದಿರುವ 60 ಮರಗಳನ್ನು ಬೇಸಿಗೆಯ ಕಾಯಿ ಇಳಿಸಿದ ಮೇಲೆ, ಮುಂಗಾರು ಜೋರಾಗುವ ಮೊದಲೇ 3 ಅಡಿಗೆ ಇಳಿಸಿ, ಬುಡಕ್ಕೆ ಎರಡು ಬುಟ್ಟಿ ಗೊಬ್ಬರ ಕೊಡಿ. ಹೊಸ ಬೀಜ ಮೊಳೆತು ಬೆಳೆಯುವ ಹೊತ್ತಿಗೆ ಈ ಬುಡಗಳಿಂದಲೇ ಸೊಪ್ಪು ಸಿಗುತ್ತಿರುತ್ತದೆ.