ಬಾವಿಯಲ್ಲಿ ಸಿಕ್ಕಿದ ಕಂಚಿನ ಬಣ್ಣದ ಕಲ್ಲು ರೆನಿಯರೈಟ್ ಇರಬಹುದೇ?

ಬದಿಯಡ್ಕದ ಹತ್ತಿರ ತೋಟದ ಬಾವಿ ಆಳ ಮಾಡುವಾಗ ಕಂಚಿನ ಬಣ್ಣದ ಹೊಳೆಯುವ ಕಲ್ಲು ಸಿಕ್ಕಿದೆ, ಅಯಸ್ಕಾಂತಕ್ಕೆ ಅಂಟುತ್ತದೆ, ನೆಟ್‌ನಲ್ಲಿ ಹುಡುಕಿದರೆ ಜರ್ಮೇನಿಯಂ ಎಂಬ ಧಾತು ಇರುವ ರೆನಿಯರೈಟ್ ಅಂತ ಬಂತು, ಇದು ಅದೇನಾ ಎಂದು ಕೇಳಿದ್ದೀರಿ. ನಾನೂ ಮುಳ್ಳೇರಿಯ ಕಡೆಯವನೇ, ಓದಿದ್ದು ಭೂವಿಜ್ಞಾನ. ನಿಮ್ಮ ಕಲ್ಲು ರೆನಿಯರೈಟ್ ಆಗಿರಲಿಕ್ಕಿಲ್ಲ. ಆದರೆ ನೀವು ಹಾಗೆ ಅಂದುಕೊಂಡದ್ದರಲ್ಲಿ ತಪ್ಪೇನಿಲ್ಲ, ಗುರುತುಗಳು ಅಷ್ಟು ಹತ್ತಿರ ಇವೆ.

ರೆನಿಯರೈಟ್ ಎಂದರೆ ತಾಮ್ರ, ಕಬ್ಬಿಣ, ಸತು, ಜರ್ಮೇನಿಯಂ, ಗಂಧಕ ಎಲ್ಲ ಸೇರಿದ ಅದಿರು. ಸ್ವಲ್ಪ ಆರ್ಸೆನಿಕ್ ಕೂಡ ಇರುತ್ತದೆ. ಬಣ್ಣ ಕಿತ್ತಳೆ ಬೆರೆತ ಕಂಚು. ನೀರಿಗಿಂತ ಸುಮಾರು 4.4 ಪಟ್ಟು ಭಾರ. ಅಯಸ್ಕಾಂತ ಹಿಡಿದರೆ ಗಟ್ಟಿಯಾಗಿ ಎಳೆದುಕೊಳ್ಳುತ್ತದೆ. ತಾಮ್ರದ ಅದಿರುಗಳಲ್ಲಿ ಈ ಗುಣ ಕಡಿಮೆ. ಇದು ಮೊದಲು ಸಿಕ್ಕಿದ್ದು ಕಾಂಗೋ ದೇಶದ ಕಿಪುಶಿ ಗಣಿಯಲ್ಲಿ, ಝಾಂಬಿಯಾ ಗಡಿಯ ಪಕ್ಕ. ಅಲ್ಲಿಯವರು ತುಂಬಾ ಕಾಲ ಇದನ್ನು 'ಕಿತ್ತಳೆ ಬೋರ್ನೈಟ್' ಅಂತಲೇ ಕರೆಯುತ್ತಿದ್ದರು. ಬೋರ್ನೈಟ್ ಕೂಡ ತಾಮ್ರದ ಅದಿರೇ. ಬೇರೆಯೇ ಖನಿಜ ಎಂದು ಗೊತ್ತಾಗಿ ಹೆಸರಿಟ್ಟದ್ದು 1948ರಲ್ಲಿ, ಬೆಲ್ಜಿಯಂನ ಭೂವಿಜ್ಞಾನಿ ಆರ್ಮಾಂಡ್ ರೆನಿಯರ್ ನೆನಪಿಗೆ.

ನಾನು ಓದುವಾಗ ನಮ್ಮ ಮೇಷ್ಟ್ರ ಬಳಿ ಕಿಪುಶಿಯ ಒಂದು ಚೂರು ಇತ್ತು, ಉಗುರಿನಷ್ಟು ಅಗಲ, ಕನ್ನಡಿಯ ಹಾಗೆ ಉಜ್ಜಿದ್ದು. ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಬೂದು ಬಣ್ಣದ ಸತುವಿನ ಅದಿರಿನ ನಡುವೆ ಸಣ್ಣ ಸಣ್ಣ ಕಿತ್ತಳೆ ಕಣಗಳು. ಪಕ್ಕದಲ್ಲೇ ಬೋರ್ನೈಟ್. ಒಂದು ವಾರ ಬಿಟ್ಟು ನೋಡಿದಾಗ ಬೋರ್ನೈಟ್ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತ್ತು, ರೆನಿಯರೈಟ್ ಹಾಗೇ ಇತ್ತು. ಆ ಕಿತ್ತಳೆ ಬಣ್ಣ ಇವತ್ತಿಗೂ ನನ್ನ ಕಣ್ಣಲ್ಲಿದೆ.

ರೆನಿಯರೈಟ್ ತೀರಾ ಕಮ್ಮಿ ಸಿಗುವುದು ಯಾಕೆ? ಜರ್ಮೇನಿಯಂ ಸ್ವಭಾವವೇ ಹಾಗೆ. ಭೂಮಿಯ ಹೊರಪದರದಲ್ಲಿ ಒಂದು ಟನ್ ಕಲ್ಲಿಗೆ ಸುಮಾರು ಒಂದೂವರೆ ಗ್ರಾಂ ಇದೆ. ನಿಮ್ಮ ಬಾವಿಯ ತಳದ ಕರಿಕಲ್ಲಿನಲ್ಲೂ ಅಷ್ಟಿಷ್ಟು ಇದ್ದೇ ಇರುತ್ತದೆ. ಆದರೆ ಅದು ಸಿಲಿಕಾನ್‌ಗೆ ತೀರಾ ಹತ್ತಿರದ ನೆಂಟ. ಕಲ್ಲಿನಲ್ಲಿ ಸಿಲಿಕಾನ್ ಇರುವ ಜಾಗದಲ್ಲಿ ಅಲ್ಲೊಂದು ಇಲ್ಲೊಂದು ಪರಮಾಣು ಹೋಗಿ ಕೂತುಬಿಡುತ್ತದೆ. ಸ್ವಂತ ಖನಿಜ ಕಟ್ಟಿಕೊಳ್ಳುವಷ್ಟು ಒಂದೇ ಕಡೆ ಸೇರುವುದೇ ಅಪರೂಪ. ಜರ್ಮೇನಿಯಂ ಕಂಡುಹಿಡಿದದ್ದೂ ಒಂದು ಅಪರೂಪದ ಬೆಳ್ಳಿ ಅದಿರಿನಿಂದ. ಜರ್ಮನಿಯ ಫ್ರೈಬರ್ಗ್ ಬಳಿ ಸಿಕ್ಕಿದ ಆರ್ಜಿರೋಡೈಟ್ ಅದು. ರಸಾಯನ ವಿಜ್ಞಾನಿ ಕ್ಲೆಮೆನ್ಸ್ ವಿಂಕ್ಲರ್ ಎಷ್ಟು ಸಲ ಅಳೆದರೂ ಶೇಕಡಾ 7ರಷ್ಟು ಲೆಕ್ಕಕ್ಕೆ ಸಿಗುತ್ತಿರಲಿಲ್ಲ. 1886ರಲ್ಲಿ ಆ ಕಾಣೆಯಾದ ಪಾಲೇ ಹೊಸ ಧಾತು ಎಂದು ಗೊತ್ತಾಯಿತು. ಮೆಂಡಲೀವ್ 1871ರಲ್ಲೇ ತಮ್ಮ ಧಾತುಗಳ ಕೋಷ್ಟಕದಲ್ಲಿ ಅದಕ್ಕೆ ಜಾಗ ಬಿಟ್ಟಿಟ್ಟಿದ್ದರು!

ಕಿಪುಶಿಯಲ್ಲಿ, ನಮೀಬಿಯಾದ ತ್ಸುಮೇಬ್‌ನಲ್ಲಿ ಬಿಸಿನೀರು ತಾಮ್ರ, ಸತು, ಗಂಧಕ ಹೊತ್ತುಕೊಂಡು ಡಾಲಮೈಟ್ ಎಂಬ ಸುಣ್ಣಕಲ್ಲಿನಂಥ ಕಲ್ಲಿನ ಒಳಗೆ ನುಗ್ಗಿದೆ. ಅಂಥ ಕಡೆ ರೆನಿಯರೈಟ್ ಹುಟ್ಟುತ್ತದೆ. ನಮ್ಮಲ್ಲಿ ಮೇಲೆ ಮುರಕಲ್ಲು (ಲ್ಯಾಟರೈಟ್), ಕೆಳಗೆ ನೈಸ್, ಚಾರ್ನೊಕೈಟ್‌ನಂಥ ಹಳೆಯ ಗಟ್ಟಿ ಕರಿಕಲ್ಲು. ಮುರದಲ್ಲಂತೂ ಗಂಧಕದ ಅದಿರು ಉಳಿಯುವುದೇ ಕಷ್ಟ. ವರ್ಷಕ್ಕೆ 3,000 ಮಿಲಿಮೀಟರಿಗಿಂತ ಜಾಸ್ತಿ ಮಳೆ ಸುರಿಯುವ ಊರು. ನೀರು, ಗಾಳಿ ತಾಗಿ ಎಲ್ಲ ತುಕ್ಕಾಗುತ್ತದೆ. ಆ ತುಕ್ಕೇ ಅಲ್ವಾ ಮುರಕ್ಕೆ ಕೆಂಪು ಕೊಟ್ಟದ್ದು. ನೀರಿಗಾಗಿ ಸುರಂಗ ತೋಡುವಾಗ ಪಿಕ್ಕಾಸಿಗೆ ಸಿಗುವ ಕಂದುಗಪ್ಪು ಹೊಳಪಿನ ಗಂಟುಗಳು ಹೆಚ್ಚಾಗಿ ಗೋಥೈಟ್, ಅದೂ ಕಬ್ಬಿಣದ ತುಕ್ಕಿನ ಜಾತಿ.

ಹಾಗಾದರೆ ನಿಮ್ಮದು ಏನು? ನನ್ನ ಅಂದಾಜು ಪಿರೋಟೈಟ್. ಕಬ್ಬಿಣ ಮತ್ತು ಗಂಧಕದ ಅದಿರು, ಕರಿಕಲ್ಲಿನ ಬಿರುಕುಗಳಲ್ಲಿ ಸಿಗುವಂಥದ್ದು. ಬಣ್ಣ ಕಂಚು, ಅಯಸ್ಕಾಂತಕ್ಕೆ ಅಂಟುತ್ತದೆ, ನೀರಿನ 4.6 ಪಟ್ಟು ಭಾರ. ನೆಟ್ ನಿಮಗೆ ರೆನಿಯರೈಟ್ ತೋರಿಸಿದ್ದು ಇದಕ್ಕೇ. ಮನೆಯಲ್ಲಿ ಒಂದು ಪರೀಕ್ಷೆ ಮಾಡಬಹುದು. ನೆಲದ ಟೈಲ್ಸ್ ಚೂರಿನ ಹಿಂಭಾಗ, ನುಣುಪಿಲ್ಲದ ಬದಿ, ಅದರ ಮೇಲೆ ಕಲ್ಲನ್ನು ಒತ್ತಿ ಎಳೆಯಿರಿ. ಗೆರೆ ಹಳದಿ ಕಂದು ಬಂದರೆ ಗೋಥೈಟ್. ಕೆಂಪು ಬಂದರೆ ಹೆಮಟೈಟ್ ಎಂಬ ಕಬ್ಬಿಣದ ಅದಿರು. ಕಪ್ಪು ಅಥವಾ ಕಡುಬೂದು ಬಂದರೆ ಪಿರೋಟೈಟ್ ಇರಬಹುದು, ಆದರೆ ರೆನಿಯರೈಟಿನ ಗೆರೆಯೂ ಹಾಗೇ ಇರುತ್ತದೆ. ಅಲ್ಲಿಗೆ ಮನೆಯ ಪರೀಕ್ಷೆ ಮುಗಿಯಿತು. ಮುಂದೆ ಎಕ್ಸ್‌ಆರ್‌ಎಫ್ ಯಂತ್ರ ಇರುವ ಲ್ಯಾಬಿಗೆ ಕೊಟ್ಟರೆ ಯಾವ ಧಾತು ಎಷ್ಟಿದೆ ಎಂದು ಕೆಲವೇ ನಿಮಿಷಗಳಲ್ಲಿ ಹೇಳುತ್ತಾರೆ. ತಾಮ್ರ ಬರದಿದ್ದರೆ ರೆನಿಯರೈಟಿನ ಮಾತೇ ಇಲ್ಲ. ಸುಮ್ನೆ ಕುಟ್ಟಿ ಪುಡಿ ಮಾಡಬೇಡಿ, ಇಂಥ ಅದಿರಿನ ಧೂಳು ಉಸಿರಾಡುವುದು ಒಳ್ಳೆಯದಲ್ಲ.

ಒಂದು ವಿಷಯ ನೀವು ಬರೆದಿಲ್ಲ. ಕಲ್ಲು ಎಷ್ಟು ಅಡಿ ಆಳದಲ್ಲಿ ಸಿಕ್ಕಿತು, ಮುರದಲ್ಲೋ ಕೆಳಗಿನ ಕರಿಕಲ್ಲಿನಲ್ಲೋ? ಅದನ್ನು, ಜೊತೆಗೆ ಟೈಲ್ಸ್ ಮೇಲಿನ ಗೆರೆಯ ಫೋಟೋ ಹಾಕಿ. ನೋಡಿ ಹೇಳುತ್ತೇನೆ.